ಲೈನ್ ಬಂತಾ?

ಕಳೆದ ಜುಲೈನಲ್ಲಿ ಒಂದು ಬೆಳಿಗ್ಗೆ ಊರಿಂದ ದೊಡ್ಡಪ್ಪ ಫೋನ್ ಮಾಡಿದರು. ಮನೆ ಹಿಂದಿನ ಗುಡ್ಡ ಹತ್ತಿದರೆ ಮೊಬೈಲಿಗೆ ಎರಡು ಕಡ್ಡಿ ಸಿಗ್ನಲ್ ಸಿಗುತ್ತದೆ. ಕೊಡೆ ಹಿಡಿದು ಅಲ್ಲಿಗೆ ಹತ್ತಿ ಮಾತಾಡುತ್ತಿದ್ದರು. ಮಳೆಯ ಸದ್ದು ಅವರ ಮಾತಿಗಿಂತ ಜೋರಾಗಿತ್ತು.

"ಎಂತ ಹೇಳದು ಮಾರಾಯ, ರಾತ್ರಿ ಲೈನ್ ಮೇಲೆ ಮರ ಬಿದ್ದಿದೆ. ಲೈನ್‌ಮನ್‌ಗೆ ಹೇಳಣ ಅಂದ್ರೆ ಲೈನೇ ಸಿಗ್ತಿಲ್ಲ. ಲೈನ್ ಮನೆಯಿಂದ ಇಬ್ರು ಹುಡುಗ್ರನ್ನ ಕರ್ಕಂಡು ಬಂದು ರಸ್ತೆ ಮೇಲಿನ ಕೊಂಬೆ ಕಡಿಸ್ದೆ. ಕೊಪ್ಪ ಲೈನಿನ ಬಸ್ಸೂ ಬಂದಿಲ್ಲ ಇವತ್ತು."

ಫೋನ್ ಇಟ್ಟ ಮೇಲೆ ನಗು ಬಂತು. ಒಂದೇ ಉಸಿರಿಗೆ ಐದು ಲೈನ್. ಮೊದಲನೆಯದು ತಂತಿ, ಎರಡನೆಯದು ಕಂಬ ಹತ್ತುವ ಮನುಷ್ಯ, ಮೂರನೆಯದು ಫೋನಿನ ಸಂಪರ್ಕ, ನಾಲ್ಕನೆಯದು ಕೂಲಿಯವರ ಮನೆ, ಐದನೆಯದು ಬಸ್ಸಿನ ದಾರಿ. ನನಗೆ ಎಲ್ಲೂ ಗೊಂದಲ ಆಗಲಿಲ್ಲ. ದೊಡ್ಡಪ್ಪನಿಗಂತೂ ತಾನು ಇಂಗ್ಲಿಷ್ ಮಾತಾಡಿದೆ ಅಂತಲೇ ಗೊತ್ತಿಲ್ಲ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವರು ಅವರು.

ಇಂಗ್ಲಿಷಿನಲ್ಲಿ ಅತಿ ಹೆಚ್ಚು ಅರ್ಥ ಇರುವ ಪದ ಯಾವುದು ಅಂತ ಕ್ವಿಜ್‌ನಲ್ಲಿ ಕೇಳಿದರೆ 'ಸೆಟ್' ಅನ್ನುತ್ತಾರೆ. 1989ರ ಆಕ್ಸ್‌ಫರ್ಡ್ ದೊಡ್ಡ ನಿಘಂಟಿನಲ್ಲಿ ಅದೊಂದು ಕ್ರಿಯಾಪದಕ್ಕೇ ಸುಮಾರು 430 ಅರ್ಥಗಳಿವೆಯಂತೆ. ಇರಲಿ. ನಮ್ಮ ಮಲೆನಾಡಿನ ಮಟ್ಟಿಗೆ ಆ ಪಟ್ಟ 'ಲೈನ್'ಗೇ ಸಲ್ಲಬೇಕು ಅಂತ ನನಗೆ ಅನ್ನಿಸುತ್ತದೆ. ಬಿಸ್ಕತ್ತು ಮಾರುವ ವ್ಯಾನಿನವನನ್ನು ಕೇಳಿ, "ಇವತ್ತು ಸಾಗರ ಲೈನು, ನಾಳೆ ಹೊಸನಗರ ಲೈನು" ಅನ್ನುತ್ತಾನೆ. ಮೊಂಡುಬಿದ್ದವನು ಒಪ್ಪಿಕೊಂಡರೆ "ಅಂತೂ ಲೈನಿಗೆ ಬಂದ". ಇಂಜಿನಿಯರಿಂಗ್ ಬಿಟ್ಟು ಯಕ್ಷಗಾನಕ್ಕೆ ಹೋದರೆ "ಅವನ ಲೈನೇ ಬೇರೆ".

ಈ ಪದ ಹುಟ್ಟಿದ್ದು ಒಂದು ಗಿಡದಿಂದ. ಆ ಗಿಡ ನಮಗೂ ಗೊತ್ತು. ಅಗಸೆ. ಬಯಲುಸೀಮೆಯವರು ಬೀಜ ಹುರಿದು ಚಟ್ನಿಪುಡಿ ಮಾಡುತ್ತಾರಲ್ಲ, ಅದೇ ಅಗಸೆ. ನಾವು ಬೀಜಕ್ಕೆ ಬೆಳೆದೆವು, ಯುರೋಪಿನವರು ಅದರ ಕಾಂಡದ ನಾರಿಗೂ ಬೆಳೆದರು. ಕಾಂಡವನ್ನು ನೀರಲ್ಲಿ ಕೊಳೆಸಿ, ಬಡಿದು, ಬಾಚಿ ತೆಗೆದ ನಾರಿನಿಂದ ನೂಲು ತೆಗೆದು ಬಟ್ಟೆ ನೇಯುತ್ತಿದ್ದರು. ಆ ಗಿಡಕ್ಕೆ ಲ್ಯಾಟಿನ್ನಿನಲ್ಲಿ ಲೀನುಮ್ ಅಂತ ಹೆಸರು. ಅದರ ದಾರ ಲೀನೆಯಾ. ಆ ಲೀನೆಯಾ ಎರಡು ದಾರಿಯಲ್ಲಿ ಇಂಗ್ಲಿಷಿಗೆ ಬಂತು. ಹಳೆಯ ಇಂಗ್ಲಿಷಿಗೆ ಬಹಳ ಹಿಂದೆಯೇ ಒಂದು ಸಲ ಬಂದು 'ಹಗ್ಗ' ಆಗಿ ಕೂತಿತ್ತು. ಆಮೇಲೆ ಫ್ರೆಂಚಿನ ಮೂಲಕ ಇನ್ನೊಂದು ಸಲ ಬಂತು. ಎರಡೂ ಸೇರಿ ಹೊಸೆದುಕೊಂಡದ್ದೇ ಇವತ್ತಿನ ಲೈನ್.

ಇದನ್ನು ಓದಿದಾಗ ನನಗೆ ನೆನಪಾದದ್ದು ಅಜ್ಜಿಯ ಬಾಳೆನಾರು. ಒಣಗಿದ ಬಾಳೆಪಟ್ಟೆಯನ್ನು ನೀರಲ್ಲಿ ನೆನೆಸಿಟ್ಟು, ಸಂಜೆ ಜಗಲಿಯಲ್ಲಿ ಕೂತು, ಹೆಬ್ಬೆರಳಿನ ಉಗುರಿನಿಂದ ಸೀಳುತ್ತಿದ್ದಳು. ಒಂದು ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ, ಎಳೆದು ಬಿಗಿ ಮಾಡಿ, ಅದಕ್ಕೆ ಅಬ್ಬಲಿಗೆ ಹೂವು ಕಟ್ಟುತ್ತಿದ್ದಳು. ನೋಡನೋಡುತ್ತಾ ದಂಡೆ ಬೆಳೆಯುತ್ತಿತ್ತು. ಆ ನಾರು ಬರೀ ನಾರು ಅಷ್ಟೆ. ಬಿಗಿಯಾಗಿ ಎಳೆದ ಮೇಲೆ ಅದು ಗೆರೆ. ಹೂವು ಬಂದು ಕೂತ ಮೇಲೆ ಸಾಲು. ಲೈನ್ ಅನ್ನುವ ಪದದ ಎರಡು ಸಾವಿರ ವರ್ಷದ ಪ್ರಯಾಣ ಅಜ್ಜಿಯ ಕಾಲ್ಬೆರಳಿಗೂ ಕೈಗೂ ನಡುವೆ ಐದು ನಿಮಿಷದಲ್ಲಿ ಮುಗಿಯುತ್ತಿತ್ತು.

ಹೂವಿನ ಜೊತೆ ನಾರೂ ಸ್ವರ್ಗ ಸೇರಿತು ಅನ್ನುತ್ತೇವೆ. ಇಲ್ಲಿ ಆದದ್ದು ಉಲ್ಟಾ. ನಾರೇ ಹೋಗದ ಲೋಕವಿಲ್ಲ. ಲಿನನ್ ಬಟ್ಟೆ ಅಂತೂ ನೇರ ಮಗಳು. ಟೈಲರ್ ಹತ್ತಿರ ಬ್ಲೌಸಿಗೆ "ಲೈನಿಂಗ್ ಹಾಕಿ" ಅನ್ನುತ್ತಾರಲ್ಲ, ಅದೂ ಇದೇ ಅಗಸೆ. ಕೋಟಿನ ಒಳಬದಿಗೆ ಮೊದಲು ಲಿನನ್ ಬಟ್ಟೆಯನ್ನೇ ಕೊಟ್ಟು ಹೊಲಿಯುತ್ತಿದ್ದರು, ಅದಕ್ಕೆ ಆ ಹೆಸರು. ಅಂಗಡಿ ಬೋರ್ಡಿನ ಮೇಲೆ ಓದಿ ಗಂಡಸರು ಮುಖ ತಿರುಗಿಸಿಕೊಳ್ಳುವ 'ಲಾಂಜರಿ' ಕೂಡ ಫ್ರೆಂಚಿನ ಲಿನನ್ನೇ. ಕ್ರಿಕೆಟ್ ಬ್ಯಾಟಿಗೆ ಸವರುವ ಲಿನ್‌ಸೀಡ್ ಆಯಿಲ್ ಅಗಸೆ ಎಣ್ಣೆ. ನಾವು ಹುಡುಗರಾಗಿದ್ದಾಗ ಅದಕ್ಕೆ ಶಿವಮೊಗ್ಗಕ್ಕೇ ಬರಬೇಕಿತ್ತು, ದುಡ್ಡಿಲ್ಲದೆ ಕೊಬ್ಬರಿ ಎಣ್ಣೆ ಸವರಿ ಬ್ಯಾಟಿಗೆ ಇರುವೆ ಹತ್ತಿಸಿಕೊಂಡಿದ್ದೆವು. ಅದೇ ಅಗಸೆ ಎಣ್ಣೆಯಿಂದ ಮಾಡಿದ ನೆಲಹಾಸಿಗೆ 1860ರ ದಶಕದಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ವಾಲ್ಟನ್ ಇಟ್ಟ ಹೆಸರು ಲಿನೋಲಿಯಂ. ಅಂದರೆ ಬೌಲರ್ ಹಿಡಿಯುವ ಲೈನೂ, ಬ್ಯಾಟಿಗೆ ಹಚ್ಚುವ ಎಣ್ಣೆಯೂ ಒಂದೇ ಗಿಡದ್ದು!

ದಾರ ಹೇಗೆ ಗೆರೆ ಆಯಿತು ಅನ್ನುವುದಕ್ಕೆ ಪುಸ್ತಕ ಬೇಡ, ಅಡಿಕೆ ಸಸಿ ನೆಡುವುದನ್ನು ನೋಡಿದರೆ ಸಾಕು. ಒಂಬತ್ತು ಅಡಿಗೆ ಒಂದು ಗುಂಡಿ. ಈ ಕಡೆ ಒಂದು ಗೂಟ, ಆ ಕಡೆ ಒಂದು ಗೂಟ, ನಡುವೆ ಹಗ್ಗ. ಹಗ್ಗ ಸಡಿಲ ಇದ್ದರೆ ಹಾವಿನ ಹಾಗೆ ಮಲಗಿರುತ್ತದೆ. ಎಳೆದು ಕಟ್ಟಿದರೆ ಮಾತ್ರ ನೆಟ್ಟಗಾಗುತ್ತದೆ. ಇಂಗ್ಲಿಷಿನ 'ಸ್ಟ್ರೇಟ್' ಅನ್ನುವ ಪದದ ಮೂಲ ಅರ್ಥವೂ 'ಎಳೆದದ್ದು' ಅಂತಲೇ. ಸ್ಟ್ರೆಚ್ ಮಾಡಿದ್ದು ಸ್ಟ್ರೇಟ್.

ಒಂದು ಸಲ ಹೀಗೇ ಹಗ್ಗ ಹಿಡಿಯುವಾಗ ನಮ್ಮ ಹಳೇ ಆಳೊಬ್ಬರು ಚಿಕ್ಕಪ್ಪನ ಮಗನಿಗೆ ಕೂಗಿ ಹೇಳಿದರು, "ಹೋಯ್ ಸಣ್ಣಯ್ಯಾ, ಸುಮ್ನೆ ನಿತ್ಕಂಡಿದ್ದು ಸಾಕು, ಸರೀ ಲೈನ್ ಹೊಡಿ!" ಅವನು ಆಗ ಕಾಲೇಜು ಎರಡನೇ ವರ್ಷ. ಕೆಳಗೆ ಗುಂಡಿಗೆ ಗೊಬ್ಬರ ಹಾಕುತ್ತಿದ್ದ ಹೆಣ್ಣಾಳುಗಳು ಕಿಸಕ್ಕನೆ ನಕ್ಕರು. ಅವನ ಕಿವಿ ಕೆಂಪಾಯಿತು. ಆ ಹಿರಿಯರಿಗೆ ಯಾಕೆ ನಗುತ್ತಿದ್ದಾರೆ ಅಂತಲೇ ತಿಳಿಯಲಿಲ್ಲ. ಅವರ ಲೈನ್ ನಿಜವಾದ ಲೈನು, ಹಗ್ಗದ್ದು. ಲ್ಯಾಟಿನ್ ಪಂಡಿತರೂ ಅವರ ಪರವೇ ನಿಲ್ಲುತ್ತಿದ್ದರು.

ಹಾಗಾದರೆ ಇಂಗ್ಲಿಷ್ ಬರುವ ಮೊದಲು ನಾವು ಏನನ್ನುತ್ತಿದ್ದೆವು? ಒಂದಲ್ಲ, ಐದಾರು ಪದ ಇದ್ದವು. ಈಗಲೂ ಇವೆ. ಗೀರಿದರೆ ಗೆರೆ. ನೇಗಿಲು ಹೋದ ದಾರಿ ಸಾಲು. ನೂಲಿನದ್ದು ಎಳೆ. ಲೋಹದ್ದಾದರೆ ತಂತಿ. ಊಟಕ್ಕೆ ಕೂತರೆ ಪಂಕ್ತಿ, ನಮ್ಮ ಕಡೆ ಬಾಯಲ್ಲಿ ಹಂತಿ. ಈ ಪಂಕ್ತಿಯೂ ತಮಾಷೆಯ ಪದ. ಸಂಸ್ಕೃತದಲ್ಲಿ ಮೊದಲು 'ಐದರ ಗುಂಪು' ಅಂತಿತ್ತು. ಈಗ ನಮ್ಮ ಮದುವೆಮನೆಯಲ್ಲಿ ಇನ್ನೂರು ಜನ ಕೂತರೂ ಅದು ಒಂದೇ ಹಂತಿ.

ಇವುಗಳಲ್ಲಿ ನನಗೆ ಜಾಸ್ತಿ ಇಷ್ಟ 'ಸಾಲು'. ಉತ್ತ ಗದ್ದೆಯಲ್ಲಿ ನೇಗಿಲು ಬಿಟ್ಟು ಹೋಗುವುದೂ ಸಾಲು, ಹಾಳೆಯ ಮೇಲೆ ಪದ್ಯ ಬರೆದರೆ ಅದೂ ಸಾಲು. ಇದೇನು ನಮ್ಮದೇ ವಿಶೇಷ ಅಂದುಕೊಂಡಿದ್ದೆ. ಆದರೆ ಇಂಗ್ಲಿಷಿನ 'ವರ್ಸ್' ಕೂಡ ಹೀಗೇ. ಲ್ಯಾಟಿನ್ನಿನಲ್ಲಿ ಅದು 'ತಿರುಗು' ಅನ್ನುವ ಪದದಿಂದ ಬಂದದ್ದು, ನೇಗಿಲು ಬದುವಿನ ಹತ್ತಿರ ಹೋಗಿ ತಿರುಗಿಕೊಳ್ಳುತ್ತದಲ್ಲ, ಹಾಗೆ. ಹಳೆಯ ಗ್ರೀಕರು ಕೆಲವು ಕಲ್ಲುಗಳ ಮೇಲೆ ಒಂದು ಸಾಲನ್ನು ಎಡದಿಂದ ಬಲಕ್ಕೆ, ಮುಂದಿನದನ್ನು ಬಲದಿಂದ ಎಡಕ್ಕೆ ಬರೆದಿದ್ದಾರೆ. ಆ ಬರಹಕ್ಕೆ ಅವರಿಟ್ಟ ಹೆಸರಿನ ಅರ್ಥವೇ 'ಎತ್ತು ತಿರುಗಿದ ಹಾಗೆ'.

'ಎಳೆ'ಯೂ ಕಡಿಮೆಯದ್ದಲ್ಲ. ಹೊಸ್ತಿಲಿಗೆ ಎರಡೆಳೆ ರಂಗೋಲಿ ಹಾಕುವುದು ಅನ್ನುತ್ತೇವೆ. ಅಲ್ಲಿ ನೂಲಿಲ್ಲ, ಬೆರಳ ಸಂದಿಯಿಂದ ಇಳಿಯುವ ಬಿಳಿ ಪುಡಿ ಇದೆ. ಆದರೂ ಎಳೆ. ಅಂದರೆ ಲ್ಯಾಟಿನ್ನಿನಲ್ಲಿ ಆದದ್ದೇ ನಮ್ಮ ಹೊಸ್ತಿಲಲ್ಲೂ ಆಗಿದೆ, ದಾರದ ಹೆಸರು ಗೆರೆಗೆ ಬಂದಿದೆ. ಗೆರೆಯನ್ನು ನಾವು 'ಎಳೆಯುತ್ತೇವೆ'. ಇಂಗ್ಲಿಷಿನವರು 'ಡ್ರಾ' ಮಾಡುತ್ತಾರೆ. ಡ್ರಾ ಅಂದರೂ ಮೂಲದಲ್ಲಿ ಎಳೆ ಅಂತಲೇ. ಇಷ್ಟು ದೂರದ ಎರಡು ಭಾಷೆಗೆ ಒಂದೇ ಕೈ ಚಲನೆ ಹೇಗೆ ಹೊಳೆಯಿತು ಅಂತ ಯೋಚಿಸಿದರೆ ಮಜಾ ಅನ್ನಿಸುತ್ತದೆ, ಅಲ್ವಾ?

ಇಷ್ಟೆಲ್ಲ ಪದ ಇಟ್ಟುಕೊಂಡೂ ಲೈನ್ ಅನ್ನು ಯಾಕೆ ಒಳಗೆ ಬಿಟ್ಟುಕೊಂಡೆವು? ಒಂದು ವಾರ ಸುಮ್ಮನೆ ಕಿವಿಗೊಟ್ಟು ನೋಡಿದೆ. ನಾವು ಎಲ್ಲದಕ್ಕೂ ಲೈನ್ ಅನ್ನುವುದಿಲ್ಲ. ಇರುವೆಗಳದ್ದು ಈಗಲೂ ಸಾಲೇ. ಹಣೆ ಮೇಲಿನದು ಗೆರೆಯೇ. ನಟ್ಟಿ ಮಾಡಿದ ಗದ್ದೆಯಲ್ಲಿ ಲೈನ್ ಇಲ್ಲ. ಹೆಚ್ಚಾಗಿ ಹೊರಗಿಂದ ಬಂದ ವಸ್ತುವೇ ಲೈನ್. ಕಂಬ, ಹಳಿ, ಫೋನು, ಎಸ್ಟೇಟು. ಇಂಗ್ಲಿಷಿನವರ ಜೊತೆ ಯಾವ ಸಾಮಾನು ಇಳಿಯಿತೋ ಅದರ ಜೊತೆಗೇ ಪದವೂ ಇಳಿದಿದೆ.

ರೈಲು ತಗೊಳ್ಳಿ. ಬೀರೂರಿನಿಂದ ಶಿವಮೊಗ್ಗಕ್ಕೆ ಮೀಟರ್‌ಗೇಜ್ ಹಳಿ ಬಂದದ್ದು 1899ರಲ್ಲಿ. ಆಮೇಲೆ ಅದು ಹಂತಹಂತವಾಗಿ ತಾಳಗುಪ್ಪದವರೆಗೆ ಬೆಳೆಯಿತು. ಒಂದೇ ಹಳಿಯ ದಾರಿಯಲ್ಲಿ ಎದುರುಬದುರು ಎರಡು ರೈಲು ಬಂದರೆ ಗತಿ ಏನು? ಅದಕ್ಕೆ ಹಿಂದೆ ಟೋಕನ್ ಪದ್ಧತಿ ಇತ್ತು. ಬೆತ್ತದ ದೊಡ್ಡ ಬಳೆ, ಅದಕ್ಕೊಂದು ಚರ್ಮದ ಚೀಲ, ಚೀಲದೊಳಗೆ ಲೋಹದ ಗುಂಡು. ಎರಡು ಸ್ಟೇಷನ್ನಿನ ಯಂತ್ರಗಳೂ ಒಂದಕ್ಕೊಂದು ಜೋಡಿಸಿದ್ದು, ಒಂದು ಸಲಕ್ಕೆ ಒಂದೇ ಗುಂಡು ಹೊರಗೆ ಬರುತ್ತದೆ. ಅದು ಕೈಗೆ ಬಂದರೆ ಮಾತ್ರ ಡ್ರೈವರ್ ಮುಂದೆ ಹೋಗಬಹುದು. ಅದಕ್ಕೆ 'ಲೈನ್ ಕ್ಲಿಯರ್' ಅಂತ ಹೆಸರು. ಅಲ್ಲಿಂದ ಅದು ಊರಿನ ಮಾತಿಗೂ ಬಂತು. ಹುಡುಗಿಯ ಮನೆಯವರು ಒಪ್ಪಿದರೆ, ಬ್ಯಾಂಕಿನವರು ಸಾಲ ಕೊಟ್ಟರೆ, ಎಲ್ಲಕ್ಕೂ "ಲೈನ್ ಕ್ಲಿಯರ್".

ಕರೆಂಟಿನವರಲ್ಲೂ ಲೈನ್ ಕ್ಲಿಯರ್ ಇದೆ ಅಂತ ನನಗೆ ಗೊತ್ತಾದದ್ದು ಮೊನ್ನೆ. ದೊಡ್ಡಪ್ಪನ ಊರಿನ ಲೈನ್‌ಮನ್ ಹೇಳಿದ್ದು. ಅವರು 'ಎಲ್‌ಸಿ' ಅನ್ನುತ್ತಾರೆ. ಮುರಿದ ತಂತಿ ಕಟ್ಟಲು ಕಂಬ ಹತ್ತುವ ಮೊದಲು ಸಬ್‌ಸ್ಟೇಷನ್ನಿಗೆ ಫೋನ್ ಮಾಡಿ ಎಲ್‌ಸಿ ತಗೊಳ್ಳಬೇಕು. ಅವರು ಆ ಫೀಡರ್, ಅಂದರೆ ಆ ಕಡೆಗೆ ಕರೆಂಟ್ ಕಳಿಸುವ ಲೈನ್, ಆಫ್ ಮಾಡಿ, ಪುಸ್ತಕದಲ್ಲಿ ಬರೆದುಕೊಂಡ ಮೇಲೆ ಹತ್ತಬೇಕು. ಇಳಿದ ಮೇಲೆ ಎಲ್‌ಸಿ ವಾಪಸ್ ಕೊಡಬೇಕು. ಅಷ್ಟು ಹೊತ್ತಿನವರೆಗೆ ಯಾರು ಎಷ್ಟೇ ಗದರಿದರೂ ಸ್ವಿಚ್ ಹಾಕುವ ಹಾಗಿಲ್ಲ.

ನಾನು ಅದನ್ನೇ ಯೋಚಿಸುತ್ತಾ ಕೂತೆ. ರೈಲಿನಲ್ಲಿ ಲೈನ್ ಕ್ಲಿಯರ್ ಅಂದರೆ ಬರಬಹುದು, ದಾರಿ ಖಾಲಿ ಇದೆ. ಕರೆಂಟಿನಲ್ಲಿ ಲೈನ್ ಕ್ಲಿಯರ್ ಅಂದರೆ ಬರುವುದಿಲ್ಲ, ನೀನು ಹತ್ತು. ಒಂದೇ ಮಾತು, ಒಂದು ಕಡೆ ಓಡಿಸುತ್ತದೆ, ಇನ್ನೊಂದು ಕಡೆ ನಿಲ್ಲಿಸುತ್ತದೆ. ಮಳೆಗಾಲದಲ್ಲಿ ಕರೆಂಟ್ ಹೋದಾಗ ನಾವು ಮನೆಯಲ್ಲಿ ಕೂತು ಬೈಯುತ್ತೇವಲ್ಲ, ಆ ಹೊತ್ತಿನಲ್ಲಿ ಎಲ್ಲೋ ಒಬ್ಬ ಒದ್ದೆ ಕಂಬದ ಮೇಲೆ ಆ ಎರಡಕ್ಷರ ನಂಬಿಕೊಂಡು ನಿಂತಿರುತ್ತಾನೆ.

ಮಲೆನಾಡಿನ ಮೇಲೆ ಹಾದುಹೋಗುವ ದೊಡ್ಡ ಲೈನ್‌ಗಳ ಕಥೆ ಬೇರೆಯೇ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಅದರ ನೀರಿನಿಂದ ನಡೆಯುವ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1035 ಮೆಗಾವ್ಯಾಟ್. ಮುಳುಗಿದ ಊರಿನವರು ಬೇರೆ ಕಾಡಿಗೆ ಬಂದು ಗುಡಿಸಲು ಹಾಕಿಕೊಂಡರು. ಹೀಗೆ ಬಂದವರಲ್ಲಿ ಎಷ್ಟೋ ಜನ ವರ್ಷಗಟ್ಟಲೆ ಚಿಮಣಿ ದೀಪದಲ್ಲೇ ಇದ್ದರು. ನನ್ನ ಜೊತೆ ಓದಿದವನೊಬ್ಬನ ಮನೆ ಹಾಗಿತ್ತು. "ನಮ್ಮನೆ ಮೇಲೇ ಲೈನ್ ಹೋಗಿದೆ, ನಮ್ಮನೆಗೆ ಲೈನ್ ಇಲ್ಲ" ಅನ್ನುತ್ತಿದ್ದ. ಆಗ ನಾವೆಲ್ಲ ಅದನ್ನು ಜೋಕ್ ಅಂದುಕೊಂಡು ನಕ್ಕಿದ್ದೆವು.

ಕಾಡಿನಲ್ಲೂ ಒಂದು ಲೈನ್ ಇದೆ. ಬೇಸಿಗೆಗೆ ಮೊದಲು ಅರಣ್ಯ ಇಲಾಖೆಯವರು ಒಣ ಎಲೆ ಗುಡಿಸಿ, ಸುಟ್ಟು, ಉದ್ದಕ್ಕೆ ಬೋಳು ಪಟ್ಟಿ ಮಾಡುತ್ತಾರೆ. ಫೈರ್ ಲೈನ್. ಬೆಂಕಿ ಅಲ್ಲಿಗೆ ಬಂದು ನಿಲ್ಲಲಿ ಅಂತ. ದನ ಕಾಯುವವರಿಗೆ ಅದೇ ಒಳ್ಳೆಯ ಕಾಲುದಾರಿ.

ದಾಟಬಾರದ ಗೆರೆ ಅಂದಾಗ ಡೆಡ್‌ಲೈನ್ ನೆನಪಾಗುತ್ತದೆ. ಆಫೀಸಿನಲ್ಲಿ ದಿನಕ್ಕೆ ನಾಲ್ಕು ಸಲ ಬಳಸುವ ಪದ ಇದು. ಹುಟ್ಟಿದ್ದು ಜೈಲಿನಲ್ಲಿ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, 1864ರಲ್ಲಿ, ಜಾರ್ಜಿಯಾದ ಆಂಡರ್ಸನ್‌ವಿಲ್ ಅನ್ನುವಲ್ಲಿ ಯುದ್ಧಕೈದಿಗಳ ಶಿಬಿರ ಇತ್ತು. ಎತ್ತರದ ಮರದ ಗೋಡೆಯ ಒಳಗೆ ಸ್ವಲ್ಪ ದೂರದಲ್ಲಿ ಒಂದು ತೆಳ್ಳನೆ ಮರದ ಬೇಲಿ. ಅದನ್ನು ದಾಟಿದವರನ್ನು ಕಾವಲಿನವರು ಗುಂಡಿಕ್ಕಿ ಕೊಲ್ಲುತ್ತಿದ್ದರು. ಅದೇ ಡೆಡ್‌ಲೈನ್. ಆ ಶಿಬಿರದ ಅಧಿಕಾರಿ ಹೆನ್ರಿ ವಿರ್ಜ್‌ನನ್ನು ಮರುವರ್ಷ ಗಲ್ಲಿಗೇರಿಸಿದರು. ಪದ ಮಾತ್ರ ಬದುಕಿಕೊಂಡಿತು, ಆಮೇಲೆ ಪತ್ರಿಕೆಯವರ ಕೈಗೆ ಸಿಕ್ಕಿ ಗಡುವು ಆಯಿತು. ನಮ್ಮೂರಲ್ಲಿ ಲ್ಯಾಂಡ್‌ಲೈನ್ ಇದ್ದ ಕಾಲದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ "ಲೈನ್ ಡೆಡ್". ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಅನ್ನಿ.

ಇನ್ನು ಲೈನ್ ಮನೆ. ಇದರ ಬಗ್ಗೆ ಬರೆಯಬೇಕು ಅಂತಲೇ ಇಷ್ಟೆಲ್ಲ ಸುತ್ತಿ ಬಂದೆನೋ ಏನೋ.

ಕೊಪ್ಪ, ಬಾಳೆಹೊನ್ನೂರು, ಮೂಡಿಗೆರೆ ಕಡೆಯ ಕಾಫಿ ತೋಟಗಳಲ್ಲಿ ಕೂಲಿಯವರಿಗೆ ಕಟ್ಟಿಸಿದ ಉದ್ದನೆಯ ಮನೆಗಳು ನಿಮಗೆ ಗೊತ್ತಿರುತ್ತವೆ. ಒಂದೇ ಮಾಡು, ಒಂದೇ ಜಗಲಿ, ಸಾಲಾಗಿ ಬಾಗಿಲು. ಒಂದು ಬಾಗಿಲಿಗೆ ಒಂದು ಸಂಸಾರ. ಇಂಗ್ಲಿಷರ ದಂಡಿನಲ್ಲಿ ಸಿಪಾಯಿಗಳ ಡೇರೆಗಳನ್ನು, ಆಮೇಲೆ ಮನೆಗಳನ್ನು ಸಾಲಾಗಿ ಹಾಕುತ್ತಿದ್ದರು. ಅದಕ್ಕೆ ಲೈನ್ಸ್ ಅನ್ನುತ್ತಿದ್ದರು. ಪೊಲೀಸ್ ಲೈನ್ ಅನ್ನುವುದು ಹಾಗೆ ಉಳಿದದ್ದು. ಅದೇ ಪದ ಪ್ಲಾಂಟರುಗಳ ಜೊತೆ ಘಟ್ಟಕ್ಕೂ ಬಂದು ಕೂಲಿ ಲೈನ್ ಆಯಿತು.

ನಾನು ಓದಿದ ಶಾಲೆಯಲ್ಲಿ ಮಕ್ಕಳನ್ನು ಗುರುತಿಸುವಾಗ "ಆಚೆ ಮನೆಯವ", "ಕೆಳಗಿನ ಕೇರಿಯವಳು" ಅನ್ನುತ್ತಿದ್ದರು. ನಾಲ್ಕೈದು ಮಕ್ಕಳು ಮಾತ್ರ "ಲೈನಿನವು". ಅವರಿಗೆ ಮನೆ ಹೆಸರು ಇರಲಿಲ್ಲ, ಲೈನ್ ಇತ್ತು. ಹಾಜರಿಯಲ್ಲಿ ಹೆಸರು ಕೂಗುತ್ತಿದ್ದ ಮೇಷ್ಟ್ರೂ ಆಟದ ಬಯಲಲ್ಲಿ "ಏ ಲೈನಿನವ್ನೇ" ಅನ್ನುತ್ತಿದ್ದರು. ನಾವೂ ಅಂದಿದ್ದೇವೆ. ಬೈಗುಳ ಅಂತ ಅಲ್ಲ. ಹಾಗಂತ ಅದು ಬೈಗುಳ ಅಲ್ಲ ಅಂತ ಈಗ ಹೇಳುವ ಧೈರ್ಯವೂ ನನಗಿಲ್ಲ.

ಅಗ್ರಹಾರದ ಮನೆಗಳೂ ಸಾಲಾಗಿಯೇ ಇರುತ್ತವೆ. ಒಂದಕ್ಕೊಂದು ಗೋಡೆ ತಾಗಿಸಿ, ಎದುರುಬದುರು, ಉದ್ದಕ್ಕೆ. ತೀರ್ಥಹಳ್ಳಿ ಸುತ್ತ ತುಂಗೆಯ ದಡದಲ್ಲಿ ಬೇಕಾದಷ್ಟಿವೆ. ಅದನ್ನು ಯಾರೂ ಲೈನ್ ಅನ್ನಲಿಲ್ಲ. ನಮ್ಮದಾದರೆ ಸಾಲು, ಬೀದಿ, ಕೇರಿ. ಹೊರಗಿಂದ ಬಂದವರದ್ದಾದರೆ ಲೈನ್. ಕಂಬ, ಹಳಿ, ತಂತಿಗಳ ಜೊತೆ ಆ ಮನುಷ್ಯರನ್ನೂ ಅದೇ ಪದದ ಡಬ್ಬಿಗೆ ಹಾಕಿ ಮುಚ್ಚಿದ್ದೇವೆ. ಲ್ಯಾಟಿನ್ನಿನ ಇದೇ ದಾರದಿಂದ ಇಂಗ್ಲಿಷಿನಲ್ಲಿ ವಂಶಕ್ಕೂ ಹೆಸರು ಬಂದಿದೆ, ಲೀನಿಯೇಜ್ ಅನ್ನುತ್ತಾರೆ. ನಮ್ಮಲ್ಲಿ ಲೈನಿನವರು ಅಂದರೆ ಅವರ ಅಜ್ಜ ಯಾರು ಅಂತ ಯಾರೂ ಕೇಳದವರು.

ಆ ಮರ ಬಿದ್ದ ವಾರವೇ ಊರಿಗೆ ಹೋಗಿದ್ದೆ. ಕೊಂಬೆ ಕಡಿದ ಇಬ್ಬರು ಹುಡುಗರಲ್ಲಿ ಒಬ್ಬ ಸಂಜೆ ಜಗಲಿಗೆ ಬಂದ. ಹಾವೇರಿ ಕಡೆಯವನು, ಅಪ್ಪ ಅಮ್ಮನ ಜೊತೆ ಮೂರು ವರ್ಷದಿಂದ ದೊಡ್ಡಪ್ಪನ ತೋಟದಲ್ಲಿದ್ದಾನೆ. ಕೈಯಲ್ಲಿ ಮೊಬೈಲು. ತಂಗಿಗೆ ರೇನ್‌ಕೋಟ್ ತರಿಸಬೇಕಂತೆ. ಎಲ್ಲ ಒತ್ತಿ ಆಗಿದೆ, ವಿಳಾಸದ ಹತ್ತಿರ ನಿಂತಿದೆ. ಪರದೆಯ ಮೇಲೆ ಎರಡು ಖಾಲಿ ಚೌಕ. ಅಡ್ರೆಸ್ ಲೈನ್ 1. ಅಡ್ರೆಸ್ ಲೈನ್ 2.

"ಇಲ್ಲಿ ಏನ್ ಬರೀಲ್ರಿ ಸರ?" ಅಂದ.

ದೊಡ್ಡಪ್ಪ ಅಡಿಕೆ ಕತ್ತರಿಸುತ್ತಾ ತಲೆ ಎತ್ತದೆ ಹೇಳಿದರು, "ಲೈನ್ ಮನೆ ಅಂತ ಹಾಕು ಮಾರಾಯ. ಪೋಸ್ಟಿನವಗೂ ಅದೇ ಗೊತ್ತು."

ಹುಡುಗ ನನ್ನ ಮುಖ ನೋಡಿದ. ನಾನು ಏನೂ ಹೇಳಲಿಲ್ಲ. ಅವನು ಗೋಡೆಗೆ ಒರಗಿ, ಒಂದೊಂದೇ ಅಕ್ಷರ ಹುಡುಕಿ ಹುಡುಕಿ ಒತ್ತಿದ. ಮೊದಲನೇ ಚೌಕದಲ್ಲಿ ಅಪ್ಪನ ಹೆಸರು ಬರೆದು ಪಕ್ಕದಲ್ಲಿ 'ಅವರ ಮನೆ' ಅಂತ ಸೇರಿಸಿದ. ಎರಡನೆಯದನ್ನು ಖಾಲಿ ಬಿಟ್ಟ. ಕಳಿಸಲು ನೋಡಿದರೆ ಸಿಗ್ನಲ್ ಇಲ್ಲ. ಕೊಡೆ ತಗೊಂಡು ಗುಡ್ಡ ಹತ್ತಿ ಹೋದ.